ಗುಣವಾದ ಮೇಲೆ ಎಲ್ಲಿಗೆ ಹೋಗಬೇಕು?

ಮುಂಬೈಯ ವಡಾಲಾದಲ್ಲಿ ಮಹಾನಗರಪಾಲಿಕೆಯ ಆಕ್ವರ್ತ್ ಕುಷ್ಠರೋಗ ಆಸ್ಪತ್ರೆಯಿದೆ. ನಮ್ಮಂಥ ಸಾವಿರಾರು ಜನ ದಿನವೂ ಆ ಕಡೆಯಿಂದಲೇ ಓಡಾಡುತ್ತೇವೆ, ಹೆಸರು ಗಮನಿಸುವುದಿಲ್ಲ. 1890ರಲ್ಲಿ ಅದು ಶುರುವಾದಾಗ ಇದ್ದ ಹೆಸರು 'ಹೋಮ್‌ಲೆಸ್ ಲೆಪರ್ ಅಸೈಲಮ್', ಅಂದರೆ ಮನೆಯಿಲ್ಲದ ಕುಷ್ಠರೋಗಿಗಳ ಆಶ್ರಯ. ರೋಗ ಮತ್ತು ಬೀದಿ, ಎರಡೂ ಒಂದೇ ಹೆಸರಿನಲ್ಲಿ ಸೇರಿಕೊಂಡಿದ್ದವು. ಈ ಹೆಸರೇ ನನ್ನನ್ನು ಆ ಚರಿತ್ರೆಯ ಹಿಂದೆ ಹೋಗುವಂತೆ ಮಾಡಿತು.

ಆಗಿನ ಮುನಿಸಿಪಲ್ ಕಮಿಷನರ್ ಹ್ಯಾರಿ ಆಕ್ವರ್ತ್. ಮರಾಠಿ ಪೋವಾಡಗಳನ್ನು ಇಂಗ್ಲಿಷಿಗೆ ತಂದವನೂ ಇವನೇ. ಸಾರ್ವಜನಿಕರಿಂದ ಹಣ ಕೂಡಿಸಿ ಮಾಟುಂಗಾದ ಹೊರವಲಯದಲ್ಲಿ ಆಶ್ರಯ ಕಟ್ಟಿಸಿದ. ಅದರ ಹಿಂದೆ ಕರುಣೆ ಇತ್ತು, ಹೆದರಿಕೆಯೂ ಇತ್ತು. ಹವಾಯಿಯಲ್ಲಿ ಕುಷ್ಠರೋಗಿಗಳ ಸೇವೆ ಮಾಡುತ್ತಿದ್ದ ಫಾದರ್ ಡೇಮಿಯನ್ 1889ರಲ್ಲಿ ಅದೇ ರೋಗದಿಂದ ತೀರಿಕೊಂಡಿದ್ದರು. ಬ್ರಿಟಿಷ್ ಸಾಮ್ರಾಜ್ಯಕ್ಕೆಲ್ಲ ದಿಗಿಲು ಹಬ್ಬಿತ್ತು.

ಆ ದಿಗಿಲಿನಲ್ಲೇ ಭಾರತಕ್ಕೊಂದು ಕುಷ್ಠರೋಗ ಆಯೋಗ ಬಂತು. 1890–91ರಲ್ಲಿ ದೇಶ ಸುತ್ತಿ, ಈ ರೋಗ ಅಷ್ಟು ಸುಲಭವಾಗಿ ಹರಡುವುದಿಲ್ಲ, ಎಲ್ಲರನ್ನೂ ಬಲವಂತವಾಗಿ ಪ್ರತ್ಯೇಕಿಸಬೇಕಿಲ್ಲ ಎಂದಿತು. ಆದರೂ 1898ರಲ್ಲಿ ಲೆಪರ್ಸ್ ಆಕ್ಟ್ ಬಂತು. ಅದರ ಗುರಿ ರೋಗಿಗಳೆಲ್ಲರೂ ಅಲ್ಲ, ಬಡ ರೋಗಿಗಳು. ಭಿಕ್ಷೆ ಬೇಡುವವರನ್ನು, ಜೀವನಕ್ಕೆ ಆಧಾರವಿಲ್ಲದವರನ್ನು ವಾರಂಟ್ ಇಲ್ಲದೆ ಹಿಡಿದು ಅಸೈಲಮ್ಮಿಗೆ ಕಳಿಸಬಹುದಿತ್ತು. ಮನೆಯಿದ್ದ ರೋಗಿ ರೋಗಿ ಮಾತ್ರ. ಮನೆಯಿಲ್ಲದ ರೋಗಿ ಪೊಲೀಸರ ಪಾಲು.

1940ರ ದಶಕದಲ್ಲಿ ಸಲ್ಫೋನ್ ಔಷಧಗಳು ಬಂದವು. ಮೊದಲ ಬಾರಿಗೆ ರೋಗ ಹತೋಟಿಗೆ ಬಂತು. ನಿಜವಾದ ಪ್ರಶ್ನೆ ಎದ್ದದ್ದು ಆಮೇಲೆ. ಕ್ರಿಮಿ ಸತ್ತರೂ ಸತ್ತ ನರ ಮರಳುವುದಿಲ್ಲ. ಸ್ಪರ್ಶಜ್ಞಾನವಿಲ್ಲದ ಅಂಗಾಲಿಗೆ ಮುಳ್ಳು ಚುಚ್ಚಿದರೂ ಗೊತ್ತಾಗದು, ಹುಣ್ಣು ಮೂಳೆಯವರೆಗೆ ಇಳಿಯುತ್ತದೆ. ದಿನವೂ ಪಾದ ನೀರಿನಲ್ಲಿ ನೆನೆಸಬೇಕು, ಎಣ್ಣೆ ಹಚ್ಚಬೇಕು, ಮೆತ್ತನೆಯ ಚಪ್ಪಲಿ ಹಾಕಬೇಕು, ಹುಣ್ಣಾದರೆ ವಾರಗಟ್ಟಲೆ ನಡೆಯಬಾರದು. ಫುಟ್‌ಪಾತಿನಲ್ಲಿ ಮಲಗುವವನಿಗೆ ಇದರಲ್ಲಿ ಯಾವುದು ಸಾಧ್ಯ? ಇವನಿಗೆ ಮನೆ ಎಂದರೆ ಔಷಧದ ಅರ್ಧ ಭಾಗ.

ಈ ಪ್ರಶ್ನೆಗೆ ಉತ್ತರ ಹುಡುಕಿದವರು ಬಾಬಾ ಆಮ್ಟೆ. ವಕೀಲರಾಗಿದ್ದ ಅವರು ಕಲ್ಕತ್ತೆಯ ಸ್ಕೂಲ್ ಆಫ್ ಟ್ರಾಪಿಕಲ್ ಮೆಡಿಸಿನ್‌ನಲ್ಲಿ ಕುಷ್ಠರೋಗ ಚಿಕಿತ್ಸೆ ಕಲಿತರು. 1949ರಲ್ಲಿ ಮಹಾರೋಗಿ ಸೇವಾ ಸಮಿತಿ ಹುಟ್ಟಿತು. ಚಂದ್ರಪುರ ಜಿಲ್ಲೆಯ ವರೋರಾ ಬಳಿ ಸರ್ಕಾರ ಕೊಟ್ಟ ಕಲ್ಲುನೆಲಕ್ಕೆ ಪತ್ನಿ ಸಾಧನಾತಾಯಿ, ಇಬ್ಬರು ಪುಟ್ಟ ಮಕ್ಕಳು, ಆರು ಮಂದಿ ರೋಗಿಗಳೊಡನೆ ಹೋದರು. ಕೈಯಲ್ಲಿದ್ದದ್ದು 14 ರೂಪಾಯಿ. ಮೊದಲು ಬಾವಿ ತೋಡಿದರು. 1951ರಲ್ಲಿ ವಿನೋಬಾ ಭಾವೆ ಆನಂದವನವನ್ನು ಉದ್ಘಾಟಿಸಿದರು.

ಆನಂದವನದ ಹೊಸತನ ಚಿಕಿತ್ಸೆಯಲ್ಲಿರಲಿಲ್ಲ, ಲೆಕ್ಕಾಚಾರದಲ್ಲಿತ್ತು. ದಾನ ಮನುಷ್ಯನನ್ನು ಕುಗ್ಗಿಸುತ್ತದೆ, ದುಡಿಮೆ ನಿಲ್ಲಿಸುತ್ತದೆ ಎಂಬುದು ಬಾಬಾರ ನಂಬಿಕೆ. ಬೆರಳಿಲ್ಲದ ಕೈಗಳು ಹೊಲ ಮಾಡಿದವು, ಹಸು ಸಾಕಿದವು, ತಮ್ಮ ಮನೆ ತಾವೇ ಕಟ್ಟಿಕೊಂಡವು. ಮೊದಮೊದಲು ಅವರು ಬೆಳೆದ ತರಕಾರಿ ಕೊಳ್ಳಲು ಊರವರು ಹಿಂಜರಿದರು. ಸರ್ವಿಸ್ ಸಿವಿಲ್ ಇಂಟರ್‌ನ್ಯಾಷನಲ್‌ನ ವಿದೇಶಿ ಸ್ವಯಂಸೇವಕರು ಬಂದು ಅಲ್ಲೇ ದುಡಿದು, ಅಲ್ಲೇ ಉಂಡ ಮೇಲೆ ಆ ಅಂಜಿಕೆ ಕರಗತೊಡಗಿತು. 1960ರ ದಶಕದಲ್ಲಿ ಅದೇ ಊರಿನ ಮಕ್ಕಳಿಗಾಗಿ ಆನಂದವನದ ಜನ ಕಾಲೇಜು ಕಟ್ಟಿಕೊಟ್ಟರು. ಊರಾಚೆ ತಳ್ಳಿದವರೇ ಊರಿಗೆ ಕೊಡುವವರಾದರು.

ಹಾಗೆಂದು ಆನಂದವನವೇ ಕೊನೆಯ ಉತ್ತರವಲ್ಲ. ಎಷ್ಟೇ ಸುಂದರವಾದರೂ ಅದು ಬೇರೆಯೇ ಒಂದು ಊರು. ಬಿಟ್ಟು ಬಂದ ಮನೆಯ ಬಾಗಿಲನ್ನು ಅದು ತೆರೆಸಲಾರದು. 1980ರ ದಶಕದಿಂದ ಬಹುಔಷಧ ಚಿಕಿತ್ಸೆ ಇದೆ. ಆರು ಅಥವಾ ಹನ್ನೆರಡು ತಿಂಗಳಲ್ಲಿ ರೋಗಿಯ ಹೆಸರು ರಿಜಿಸ್ಟರಿನಿಂದ ಹೋಗುತ್ತದೆ. ನಮ್ಮ ಆಫೀಸಿನ ಭಾಷೆಯಲ್ಲಿ ಟಿಕೆಟ್ ಕ್ಲೋಸ್. ಆದರೆ ಮನೆಗೆ ಮರಳಲಾಗದವರು ಕಟ್ಟಿಕೊಂಡ ನೂರಾರು ಕಾಲೊನಿಗಳು ದೇಶದಲ್ಲಿವೆ. ಅವುಗಳಲ್ಲಿ ಅನೇಕ ಕಡೆ ನೆಲದ ಪಟ್ಟಾ ಇಲ್ಲ.

1898ರ ಕಾಯ್ದೆಯನ್ನು ಕೇಂದ್ರ ರದ್ದುಮಾಡಿದ್ದು 2016ರಲ್ಲಿ. ಕುಷ್ಠರೋಗ ವಿಚ್ಛೇದನಕ್ಕೆ ಕಾರಣವಾಗಬಾರದೆಂಬ ಕಾನೂನು ಬಂದದ್ದು 2019ರಲ್ಲಿ. ಔಷಧ ಬಂದು ಏಳು ದಶಕಗಳ ಮೇಲೆ! ನಾವು ಊರು ಬಿಟ್ಟವರು, ಆದರೆ ಹಬ್ಬಕ್ಕೆ ಟಿಕೆಟ್ ಬುಕ್ ಮಾಡುವಾಗ ಬಾಗಿಲು ತೆರೆದಿರುತ್ತದೆಂಬ ಖಾತ್ರಿ ನಮಗಿದೆ. ಆ ಖಾತ್ರಿಯನ್ನು ಯಾವ ಮಾತ್ರೆಯೂ ಕೊಡಲಾರದು. ಅದನ್ನು ಕೊಡಬೇಕಾದವರು ಮನೆಯ ಒಳಗಿರುವವರು.