ಕಾರ್ಬನ್ ಕಾಗದ ಮತ್ತು "ಒಂಥರಾ ಆಗ್ತು"

ಮೊನ್ನೆ ಕುಮಟಾಕ್ಕೆ ಹೋದಾಗ, ನರ್ಸಿಂಗ್ ಓದ್ತಿರೋ ಚಿಕ್ಕಪ್ಪನ ಮಗಳು ರೆಕಾರ್ಡ್ ಬರೀತಿದ್ದಳು. ರೋಗಿ ಹೇಳಿದ್ದು ಒಂದು ಕಡೆ, ತಾನು ಹೇಳಿದ್ದು ಇನ್ನೊಂದು ಕಡೆ, ಪಕ್ಕದಲ್ಲಿ ವಿಶ್ಲೇಷಣೆ. ಥೇಟ್ ನಮ್ಮ ಕೋಡ್ ರಿವ್ಯೂ! ಇದಕ್ಕೆ 'ಪ್ರೋಸೆಸ್ ರೆಕಾರ್ಡಿಂಗ್' ಅಂತಾರಂತೆ.

ಕೆದಕಿದರೆ ಕಥೆ ಹಳೆಯದು. ರೋಗಿಗೆ ಸುಮ್ಮಸುಮ್ಮನೆ "ಏನೂ ಆಗಲ್ಲ ಬಿಡಿ" ಅನ್ನೋರನ್ನ ಫ್ಲಾರೆನ್ಸ್ ನೈಟಿಂಗೇಲ್ 1859ರ 'ನೋಟ್ಸ್ ಆನ್ ನರ್ಸಿಂಗ್'ನಲ್ಲೇ ತರಾಟೆಗೆ ತಗೊಂಡಿದ್ದರು. (ಅಪ್ಪ ಆಸ್ಪತ್ರೆಯಲ್ಲಿದ್ದಾಗ ನಾನೂ ಅದನ್ನೇ ಅಂದಿದ್ದೆ. ಆಮೇಲೆ ಅವರು ಏನೂ ಹೇಳಿಕೊಳ್ಳಲೇ ಇಲ್ಲ.) ಅಮೆರಿಕದ ಹಿಲ್ಡೆಗಾರ್ಡ್ ಪೆಪ್ಲೌ, ರೋಗಿಗಳ ಜೊತೆ ಆಡಿದ ಮಾತನ್ನೆಲ್ಲ ವಿದ್ಯಾರ್ಥಿಗಳಿಂದ ಕಾರ್ಬನ್ ಕಾಗದ ಇಟ್ಟು ಬರೆಸಿ ಪರಿಶೀಲಿಸುತ್ತಿದ್ದರು. ನರ್ಸ್-ರೋಗಿ ಸಂಬಂಧವೂ ಶುಶ್ರೂಷೆಯೇ ಅಂತ ಅವರ ಪುಸ್ತಕ ಬಂದಿದ್ದು 1952ರಲ್ಲಿ. 1954ರಲ್ಲಿ ಬೆಂಗಳೂರಲ್ಲಿ ಶುರುವಾದ ಮಾನಸಿಕ ಆರೋಗ್ಯ ಸಂಸ್ಥೆ, ಅಂದರೆ ಇಂದಿನ ನಿಮ್ಹಾನ್ಸ್, ಮನೋರೋಗ ಶುಶ್ರೂಷೆಯನ್ನೂ ಕಲಿಸತೊಡಗಿತು.

ತಂಗಿ ರೆಕಾರ್ಡ್ ಬರೆಯೋದು ಇಂಗ್ಲಿಷಲ್ಲಿ. ನಮ್ಮ ಕಡೆ ರೋಗಿ ನರಳೋದು ಭಟ್ಕಳದ ನವಾಯತಿಯಲ್ಲಿ, ಕುಮಟೆಯ ಕೊಂಕಣಿಯಲ್ಲಿ, ಹೊನ್ನಾವರದ ಹವ್ಯಕದಲ್ಲಿ... ಒಬ್ಬ ಅಜ್ಜಿ "ಜೀವಕ್ಕೆ ಒಂಥರಾ ಆಗ್ತು ತಂಗಿ" ಅಂದಿದ್ದನ್ನ ಇವಳು 'ಅನ್‌ಈಸಿ' ಅಂತ ಬರೆದಿದ್ದಳು. ನಿಜಕ್ಕೂ ಅದು ಮಗ ನೋಡೋಕೆ ಬಂದಿಲ್ಲ ಅನ್ನೋ ಕೊರಗು. "ಎಂತಾ ಆಗ್ತು ಅಜ್ಜಿ?" ಅಂತ ಕೇಳಿ, ಸುಮ್ಮನೆ ಪಕ್ಕದಲ್ಲಿ ಕೂತಿದ್ದಕ್ಕೆ ಹೊರಬಂತು.

"ಆ ಸುಮ್ಮನೆ ಕೂತಿದ್ದನ್ನ ಹೆಂಗೆ ಬರೆಯೋದು ಅಣ್ಣಾ?" ಅಂದಳು. ನನಗೂ ತೋಚಲಿಲ್ಲ.