ಗೋಲಿ ಸೋಡಾ ಸೀಸೆ: ಹಾಸನ ಸೀಮೆಯಲ್ಲಿ ಹಳೆಯ ಸೀಸೆ, ಬಿರಡೆಗಳ ಮೂಲ ಗುರುತಿಸುವಿಕೆ

ಗೋಲಿ ಸೋಡಾ ಸೀಸೆ ಎಂದರೆ ಗಾಜಿನ ಗೋಲಿಯೇ ಬಿರಡೆಯಾಗಿ ಕುತ್ತಿಗೆಯೊಳಗೆ ಉಳಿದಿರುವ, ಅನಿಲ ಬೆರೆಸಿದ ಪಾನೀಯ ತುಂಬುವ ದಪ್ಪ ಗಾಜಿನ ಬಾಟಲಿ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಸಂತೆ, ಜಾತ್ರೆ, ಬಸ್ ನಿಲ್ದಾಣಗಳಲ್ಲಿ 20ನೇ ಶತಮಾನದ ಬಹುಕಾಲ ಬಳಕೆಯಲ್ಲಿದ್ದ ಈ ಸೀಸೆ ಈಗ ಹಳೆಯ ಮನೆಗಳ ಅಟ್ಟ, ಗುಜರಿ ಅಂಗಡಿ, ಸಂಗ್ರಾಹಕರ ಕಪಾಟುಗಳಲ್ಲಿ ಕಾಣಸಿಗುತ್ತದೆ. ಸಿಕ್ಕಿದ್ದನ್ನೆಲ್ಲ ‘ಬ್ರಿಟಿಷರ ಕಾಲದ್ದು’ ಅಥವಾ ‘ಜರ್ಮನಿ ಮಾಲು’ ಎಂದು ಕರೆದುಬಿಡುವುದು ರೂಢಿ. ಎರಡೂ ಮಾತಿಗೆ ಆಧಾರ ಇಲ್ಲದಿಲ್ಲ. ಆದರೆ ಪ್ರತಿಯೊಂದು ಸೀಸೆಗೂ ಅವು ಸಲ್ಲುವುದಿಲ್ಲ. ಒಂದು ಸೀಸೆಗೆ ಮೂರು ಊರುಗಳಿರುತ್ತವೆ: ಗಾಜು ಊದಿದ ಊರು, ಸೋಡಾ ತುಂಬಿದ ಊರು, ಕೊನೆಗೆ ಅದು ಸಿಕ್ಕ ಊರು. ಮೂಲದ ಬಗೆಗಿನ ಗೊಂದಲಗಳಲ್ಲಿ ಹೆಚ್ಚಿನವು ಈ ಮೂರನ್ನೂ ಒಂದೇ ಎಂದು ಬಗೆದದ್ದರಿಂದ ಹುಟ್ಟಿದವು.

ಹಿನ್ನೆಲೆ

ನೀರಿಗೆ ಇಂಗಾಲದ ಡೈಆಕ್ಸೈಡ್ ಬೆರೆಸುವ ಪ್ರಯೋಗವನ್ನು ಇಂಗ್ಲೆಂಡಿನ ಜೋಸೆಫ್ ಪ್ರೀಸ್ಟ್ಲಿ 1767ರಲ್ಲಿ ಮಾಡಿದ. ಜಿನೀವಾದಲ್ಲಿ ಯಾಕೋಬ್ ಶ್ವೆಪ್ 1783ರಲ್ಲಿ ಅದನ್ನು ಉದ್ಯಮವಾಗಿಸಿ, 1792ರಲ್ಲಿ ಲಂಡನ್ನಿಗೆ ತಂದ. ತಯಾರಿಕೆಗಿಂತ ಕಷ್ಟದ ಕೆಲಸ ಅನಿಲವನ್ನು ಹಿಡಿದಿಡುವುದಾಗಿತ್ತು. ಬೆಂಡಿನ ಬಿರಡೆ ಒಣಗಿದರೆ ಕುಗ್ಗಿ ಅನಿಲ ಸೋರುತ್ತದೆ. ಅದಕ್ಕೆಂದೇ ಮೊಟ್ಟೆಯಾಕಾರದ ಗುಂಡುತಳದ ‘ಹ್ಯಾಮಿಲ್ಟನ್’ ಸೀಸೆ ಬಂತು. ಅದು ನಿಲ್ಲದು, ಮಲಗಿಸಿಯೇ ಇಡಬೇಕು, ಹಾಗಾಗಿ ಬಿರಡೆ ಸದಾ ಒದ್ದೆಯಾಗಿರುತ್ತದೆ. ನಮ್ಮ ಭಾಗದಲ್ಲಿ ಗುಂಡುತಳದ ಸೀಸೆ ಸಿಕ್ಕರೆ ಅದನ್ನು ಗೋಲಿ ಸೀಸೆಗಿಂತ ಹಿಂದಿನ ಬಗೆಯೆಂದು ಬೇರೆಯಾಗಿಯೇ ನೋಡಬೇಕು.

ಕಾಡ್ ಸೀಸೆ

ಗೋಲಿ ಬಿರಡೆಯ ಸೀಸೆಗೆ ಪೇಟೆಂಟ್ ಪಡೆದವನು ಇಂಗ್ಲೆಂಡಿನ ಎಂಜಿನಿಯರ್ ಹೈರಮ್ ಕಾಡ್ (1838–1887). ವರ್ಷದ ವಿಷಯದಲ್ಲಿ ಬರಹಗಳು ಒಮ್ಮತಕ್ಕೆ ಬಂದಿಲ್ಲ. 1870, 1872, 1873 ಮೂರೂ ಕಾಣುತ್ತವೆ. 1870 ಮೊದಲ ಪೇಟೆಂಟಿನ ವರ್ಷ, 1872 ಸುಧಾರಿತ ವಿನ್ಯಾಸದ ವರ್ಷ. ವಿನ್ಯಾಸ ಪಕ್ವವಾಗಿ ಬೇರೆ ಗಾಜಿನ ಕಾರ್ಖಾನೆಗಳು ಪರವಾನಗಿ ಪಡೆದು ತಯಾರಿಸತೊಡಗಿದ್ದು 1873ರ ಹೊತ್ತಿಗೆ. ಹಾಗಾಗಿ ಇಂಥ ಯಾವ ಸೀಸೆಯನ್ನೂ 1870ಕ್ಕಿಂತ ಹಿಂದಕ್ಕೆ ಒಯ್ಯಲಾಗದು. ‘ಇನ್ನೂರು ವರ್ಷ ಹಳೆಯ ಗೋಲಿ ಸೋಡಾ ಬುಡ್ಡಿ’ ಎಂಬ ಮಾರಾಟಗಾರರ ಮಾತು ಇಲ್ಲಿಗೇ ಬಿದ್ದುಹೋಗುತ್ತದೆ.

ಕಾಡ್‌ನ ಪರವಾನಗಿಯ ಷರತ್ತು ಗುರುತಿಸುವವರಿಗೆ ಉಪಯುಕ್ತ. ಸೀಸೆಯನ್ನು ಯಾರು ಬೇಕಾದರೂ ಊದಬಹುದಿತ್ತು; ಗೋಲಿ ಮತ್ತು ರಬ್ಬರ್ ಉಂಗುರವನ್ನು ಮಾತ್ರ ಅವನಿಂದಲೇ ಕೊಳ್ಳಬೇಕು, ಬಾಯೊಳಗಿನ ತೋಡು ಕೊರೆಯುವ ಅವನ ಉಪಕರಣಕ್ಕೂ ಹಣ ಕೊಡಬೇಕು. ಎಂದರೆ ಒಂದೇ ಸೀಸೆಯ ಗಾಜು ಒಂದು ಕಾರ್ಖಾನೆಯದು, ಬಿರಡೆ ಇನ್ನೊಂದರದ್ದು ಆಗಿರುವುದು ಆರಂಭದಿಂದಲೇ ಇತ್ತು. ‘ಕಾಡ್ಸ್ ಪೇಟೆಂಟ್’ ಎಂಬ ಉಬ್ಬಕ್ಷರ ಇದ್ದಮಾತ್ರಕ್ಕೆ ಕಾಡ್ ತಯಾರಿಸಿದ ಸೀಸೆ ಎಂದಾಗುವುದಿಲ್ಲ. ಅವನ ಪಾಲುದಾರರಾಗಿದ್ದ ಬಾರ್ನ್ಸ್‌ಲಿಯ ರೈಲ್ಯಾಂಡ್ಸ್ ಮನೆತನ ಮುಂದೆ ಈ ಬಗೆಯ ಸೀಸೆಯ ದೊಡ್ಡ ತಯಾರಕರಾದರು.

ಸೀಸೆಯ ಕೆಲಸ ಹೀಗೆ. ನೀರು ತುಂಬಿ, ಅನಿಲ ಬಿಟ್ಟು, ಸೀಸೆಯನ್ನು ತಲೆಕೆಳಗು ಮಾಡಿದಾಗ ಗೋಲಿ ಉರುಳಿ ಬಾಯಿಯ ಬಳಿಯ ರಬ್ಬರ್ ಉಂಗುರದ ಮೇಲೆ ಕೂರುತ್ತದೆ. ಒಳಗಿನ ಒತ್ತಡ ಅದನ್ನು ಅಲ್ಲೇ ಬಿಗಿಯುತ್ತದೆ. ಸೋಡಾ ಅಂಗಡಿಗಳಲ್ಲಿ ಇದನ್ನು ಕೈಯಿಂದ ತಿರುಗಿಸುವ ಕಬ್ಬಿಣದ ಪೆಟ್ಟಿಗೆಯಲ್ಲಿ ಮಾಡುತ್ತಿದ್ದರು. ಸೀಸೆಗಳನ್ನು ಅದರಲ್ಲಿ ಸಿಕ್ಕಿಸಿ, ಸಿಲಿಂಡರಿನ ಗ್ಯಾಸ್ ಬಿಟ್ಟು, ಹಿಡಿ ತಿರುವಿದರೆ ನೀರೂ ಅನಿಲವೂ ಬೆರೆಯುತ್ತಿದ್ದವು. ಸೀಸೆ ಸಿಡಿದು ಕಣ್ಣಿಗೆ, ಕೈಗೆ ಗಾಯವಾಗುವ ಅಪಾಯ ಈ ಕಸುಬಿನಲ್ಲಿ ನಿತ್ಯದ್ದು. ಕುಡಿಯುವಾಗ ಗೋಲಿಯನ್ನು ಹೆಬ್ಬೆರಳಿನಿಂದ ಅಥವಾ ಮರದ ಗುಂಡಿಯಿಂದ ಒಳಕ್ಕೆ ಅದುಮಬೇಕು. ಕೀಂಯ್ ಎಂದು ಅನಿಲ ಹೊರಬರುತ್ತದೆ. ಕುತ್ತಿಗೆಯ ಒಂದು ಬದಿಯಲ್ಲಿರುವ ಎರಡು ತಗ್ಗುಗಳು ಕೆಳಬದಿಗೆ ಬರುವಂತೆ ಸೀಸೆ ಬಗ್ಗಿಸಿದರೆ ಗೋಲಿ ಅಲ್ಲೇ ತಡೆದು ನಿಲ್ಲುತ್ತದೆ. ಬೇರೆ ಬದಿಗೆ ಬಗ್ಗಿಸಿದರೆ ಉರುಳಿಬಂದು ಮತ್ತೆ ಬಾಯಿ ಮುಚ್ಚುತ್ತದೆ.

ಹಾಸನ ಸೀಮೆಗೆ ಬಂದ ದಾರಿ

ಸೋಡಾ ನೀರು ಮೊದಲಿಗೆ ಯುರೋಪಿಯನ್ನರ ಪಾನೀಯ. ಮಂಜರಾಬಾದಿನಲ್ಲಿ, ಅಂದರೆ ಇಂದಿನ ಸಕಲೇಶಪುರದ ಕಡೆ, 1840ರ ದಶಕದಿಂದ ಯುರೋಪಿಯನ್ ಕಾಫಿ ತೋಟಗಾರರು ನೆಲೆಸಿದ್ದರು. ಬೆಂಗಳೂರು–ಮಂಗಳೂರು ರಸ್ತೆ ಚನ್ನರಾಯಪಟ್ಟಣ, ಹಾಸನಗಳನ್ನು ಹಾದೇ ಅಲ್ಲಿಗೆ ಹೋಗುತ್ತದೆ. 1880ರ ದಶಕದ ಕೊನೆಗೆ ಬೆಂಗಳೂರಿನಿಂದ ಹರಿಹರದತ್ತ ಹೊರಟ ರೈಲುಮಾರ್ಗ ಅರಸೀಕೆರೆಯನ್ನು ಮುಟ್ಟಿತು. 1910ರ ದಶಕದ ಕೊನೆಗೆ ಮೈಸೂರು–ಅರಸೀಕೆರೆ ಮಾರ್ಗ ಹೊಳೆನರಸೀಪುರ, ಹಾಸನಗಳಿಗೆ ರೈಲು ತಂದಿತು. ಅರಕಲಗೂಡಿಗೆ ರೈಲು ಬರಲಿಲ್ಲ. ಅಲ್ಲಿಗೆ ಸರಕು ಬಂದದ್ದು ಗಾಡಿಗಳಲ್ಲಿ, ಮುಂದೆ ಮೋಟಾರಿನಲ್ಲಿ.

ಈ ಭೂಗೋಳಕ್ಕೆ ಮಹತ್ವವಿದೆ. ದಪ್ಪ ಗಾಜಿನ ಸೀಸೆಯ ತೂಕ ಒಳಗಿನ ನೀರಿಗೆ ಸಮಸಮವಾಗಿ ನಿಲ್ಲುವಂಥದು. ತುಂಬಿದ ಸೀಸೆ ದೂರಕ್ಕೆ ಸಾಗಿಸಿ, ಖಾಲಿಯನ್ನು ಹಿಂದಕ್ಕೆ ತರಿಸುವುದು ಸಣ್ಣ ವ್ಯಾಪಾರಿಗೆ ಗಿಟ್ಟುವುದಿಲ್ಲ. ಆದ್ದರಿಂದ ಸೀಸೆ ದೂರದಿಂದ ಬರುವುದು, ಸೋಡಾ ಊರಲ್ಲೇ ತಯಾರಾಗುವುದು ಎಂಬ ವ್ಯವಸ್ಥೆ ಎಲ್ಲೆಡೆ ಬೆಳೆಯಿತು. ದೊಡ್ಡ ಊರಿನ ತಯಾರಕರು ತಮ್ಮ ಹೆಸರಿನ ಉಬ್ಬಕ್ಷರ ಹಾಕಿಸಿ ಸೀಸೆ ತರಿಸಿದರು. ಸಣ್ಣ ಊರಿನವರು ಹೆಸರಿಲ್ಲದವನ್ನೋ ಬೇರೆಯವರು ಬಳಸಿ ಮಾರಿದವನ್ನೋ ಕೊಂಡರು. ಬೆಂಗಳೂರಿನ ಹೆಸರಿರುವ ಸೀಸೆಯಲ್ಲಿ ಅರಕಲಗೂಡಿನ ಬಾವಿ ನೀರು ವರ್ಷಗಟ್ಟಲೆ ಸೋಡಾ ಆಗಿ ಮಾರಾಟವಾಗಿರಲು ಏನೂ ಅಡ್ಡಿಯಿಲ್ಲ.

ಜಾತ್ರೆಗಳು ಇನ್ನೊಂದು ತೊಡಕು. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ 1910, 1925, 1940, 1953, 1967, 1981ರ ಮಹಾಮಸ್ತಕಾಭಿಷೇಕಗಳಿಗೆ, ಅರಕಲಗೂಡು ತಾಲ್ಲೂಕಿನ ರಾಮನಾಥಪುರದ ಷಷ್ಠಿ ಜಾತ್ರೆಗೆ ದೂರದೂರದ ಜನ, ಅಂಗಡಿಗಳು ಬರುತ್ತವೆ. ಇಂಥ ಜಾಗದಲ್ಲಿ ನೆಲ ಅಗೆದಾಗ ಸಿಕ್ಕ ಸೀಸೆ ಆ ಊರಿನದೇ ಎನ್ನಲು ಸಿಕ್ಕ ಜಾಗವೊಂದೇ ಸಾಕಾಗದು.

ಮೂಲ ಗುರುತಿಸುವ ಬಗೆ

ಮೈಮೇಲಿನ ದೊಡ್ಡ ಉಬ್ಬಕ್ಷರ ಸಾಮಾನ್ಯವಾಗಿ ಸೋಡಾ ತಯಾರಕನದು. ಗಾಜಿನ ಕಾರ್ಖಾನೆಯ ಹೆಸರು ತಳದಲ್ಲೋ ತಳದಂಚಿನ ಹಿಂಬದಿಯಲ್ಲೋ ಚಿಕ್ಕದಾಗಿ ಇರುತ್ತದೆ. ಡ್ಯಾನ್ ರೈಲ್ಯಾಂಡ್ಸ್ ಮತ್ತು ರೆಡ್‌ಫರ್ನ್ (ಬಾರ್ನ್ಸ್‌ಲಿ), ಸೈಕ್ಸ್ ಮೆಕ್‌ವೇ (ಕ್ಯಾಸಲ್‌ಫರ್ಡ್), ನಟಾಲ್ ಮತ್ತು ಕ್ಯಾನಿಂಗ್ಟನ್ ಶಾ (ಸೇಂಟ್ ಹೆಲೆನ್ಸ್), ಕಿಲ್ನರ್ ಬ್ರದರ್ಸ್ ಇವು ಇಂಗ್ಲೆಂಡಿನ ಪರಿಚಿತ ಹೆಸರುಗಳು. ಕ್ಯಾನಿಂಗ್ಟನ್ ಶಾ 1913ರಲ್ಲಿ ಬೇರೆ ಕಂಪನಿಗಳೊಡನೆ ವಿಲೀನವಾಯಿತು, ಕಿಲ್ನರ್ 1937ರಲ್ಲಿ ಮುಚ್ಚಿತು. ಆ ಹೆಸರಿನ ಸೀಸೆಗಳಿಗೆ ಅವೇ ಕಾಲದ ಮೇಲ್ಮಿತಿ.

ದೇಶದ ಹೆಸರು ಕೂಡ ಕಾಲ ಹೇಳುತ್ತದೆ. ಭಾರತದಲ್ಲಿ 1889ರ ಸರಕು ಗುರುತು ಕಾಯಿದೆ ಬಂದ ಮೇಲೆ ಆಮದು ಮಾಲಿನ ಮೇಲೆ ತಯಾರಾದ ದೇಶದ ಹೆಸರು ಕಾಣುವುದು ಹೆಚ್ಚಾಯಿತು. ‘ಮೇಡ್ ಇನ್ ಜರ್ಮನಿ’ ಎಂದಿರುವ ಸೀಸೆಗಳು ಬಂದದ್ದು 1914ರ ಯುದ್ಧಕ್ಕೆ ಮೊದಲು ಅಥವಾ ಎರಡು ಯುದ್ಧಗಳ ನಡುವೆ; ಯುದ್ಧದ ವರ್ಷಗಳಲ್ಲಿ ಆ ವ್ಯಾಪಾರವೇ ಇರಲಿಲ್ಲ. ‘ಜರ್ಮನಿ ಮಾಲು’ ಎಂಬ ಹಳಬರ ಮಾತು ಈ ನಿಜವಾದ ಆಮದಿನ ನೆನಪು. ತಳದಲ್ಲಿ ಗುರುತಿಲ್ಲದ ಸೀಸೆಗೆ ಅದನ್ನು ಅನ್ವಯಿಸುವುದು ಮಾತ್ರ ತಪ್ಪು. ಮೊದಲ ಯುದ್ಧದಲ್ಲಿ ಯುರೋಪಿನ ಗಾಜು ನಿಂತಾಗ ಜಪಾನಿನ ಮಾಲು ಒಳಬಂತು, ದೇಶೀ ಕಾರ್ಖಾನೆಗಳಿಗೂ ಅವಕಾಶ ಸಿಕ್ಕಿತು.

ಇನ್ನೊಂದು ಸುಳಿವು ನಮ್ಮ ನಾಡಿನ ಆಡಳಿತದ ಇತಿಹಾಸದಲ್ಲೇ ಇದೆ. ವಿದೇಶಿ ಕೈಪಿಡಿಗಳಲ್ಲಿ ಇದು ಸಿಗದು. ಹಾಸನದಂಥ ಊರಿಗೆ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವುದೂ ಇದೇ. ಸೀಸೆಯ ಮೇಲೆ ‘ಮೈಸೂರು ಸ್ಟೇಟ್’ ಎಂದಿದ್ದರೆ ಅದು 1973ರ ನವೆಂಬರ್ 1ರಂದು ರಾಜ್ಯ ಕರ್ನಾಟಕವಾಗುವುದಕ್ಕೆ ಹಿಂದಿನದು. ಬೆಂಗಳೂರಿನ ‘ಸಿ. ಅಂಡ್ ಎಂ. ಸ್ಟೇಷನ್’ ಎಂದಿದ್ದರೆ, ಆ ದಂಡಿನ ಪ್ರದೇಶ 1947ರಲ್ಲಿ ಮೈಸೂರಿಗೆ ಮರಳುವ ಮೊದಲಿನ ವಿಳಾಸ ಅದು. ಔನ್ಸಿನ ಬದಲು ಮಿಲಿಲೀಟರ್ ಇದ್ದರೆ 1958ರಲ್ಲಿ ಮೆಟ್ರಿಕ್ ಪದ್ಧತಿ ಜಾರಿಗೆ ಬಂದ ನಂತರದ್ದು. ಸಿಹಿ ‘ಕಲರ್’ನ ಚೀಟಿಯಲ್ಲಿ ಎಫ್‌.ಪಿ.ಒ. ಸಂಖ್ಯೆ ಇದ್ದರೆ 1955ರ ಹಣ್ಣಿನ ಉತ್ಪನ್ನಗಳ ಆದೇಶದ ಈಚಿನದು.

ಅಕ್ಷರಗಳೇ ಇಲ್ಲದಿದ್ದಾಗ ಗಾಜನ್ನೇ ಓದಬೇಕು. ಎರಡು ಹೋಳಿನ ಅಚ್ಚಿನಲ್ಲಿ ಊದಿದ ಸೀಸೆಯ ಪಕ್ಕದಲ್ಲಿ ಅಚ್ಚಿನ ಗೆರೆ ಇರುತ್ತದೆ. ಕೈಕೆಲಸದ ಸೀಸೆಯಲ್ಲಿ ಆ ಗೆರೆ ಬಾಯಿಯ ಕೆಳಗೇ ನಿಂತುಹೋಗುತ್ತದೆ, ಏಕೆಂದರೆ ಗೋಲಿಯನ್ನು ಒಳಗೆ ಹಾಕಿದ ನಂತರ ಬಾಯಿಯ ಗಾಜನ್ನು ಬಿಸಿ ಮಾಡಿ ತಿದ್ದಲಾಗುತ್ತದೆ. ತಿಳಿಹಸಿರು ಬಣ್ಣಕ್ಕೆ ಮರಳಿನಲ್ಲಿರುವ ಕಬ್ಬಿಣದ ಅಂಶ ಕಾರಣ. ಬಣ್ಣದಿಂದ ದೇಶ ಹೇಳಲಾಗದು. ಮ್ಯಾಂಗನೀಸ್ ಬೆರೆಸಿ ಬಿಳುಪು ಮಾಡಿದ ಗಾಜು ದೀರ್ಘಕಾಲ ಬಿಸಿಲಿಗೆ ಬಿದ್ದರೆ ನೇರಳೆಗೆ ತಿರುಗುತ್ತದೆ. ಮರದ ಪೆಟ್ಟಿಗೆಗಳಲ್ಲಿ ಒಂದಕ್ಕೊಂದು ತಾಗಿ ಓಡಾಡಿದ ಸೀಸೆಯ ಅಗಲವಾದ ಭಾಗದಲ್ಲಿ ಬಿಳಿಚಿದ ಸವೆತದ ಪಟ್ಟಿಯೊಂದು ಮೂಡಿರುತ್ತದೆ. ಹಳೆಯದರಂತೆ ಕಾಣಲು ಮಾಡಿದ ಗಾಢ ನೀಲಿ, ಹಸಿರು ಸೀಸೆಗಳಲ್ಲಿ ಈ ಪಟ್ಟಿ ಇರುವುದಿಲ್ಲ. ಆಸಿಡ್ ಹಾಕಿ ಉಜ್ಜಿ ಹೊಳಪು ಕೊಡುವ ಗುಜರಿ ಪದ್ಧತಿ ಈ ಸಾಕ್ಷ್ಯವನ್ನೇ ಅಳಿಸಿಹಾಕುತ್ತದೆ. ಗುರುತಿಸುವ ಮುನ್ನ ಬರಿ ನೀರಲ್ಲಿ ತೊಳೆಯುವುದೇ ಸರಿ.

ಬಿರಡೆಗಳು

ಬಿರಡೆಯ ಸಾಕ್ಷ್ಯಕ್ಕೆ ಸಂಗ್ರಾಹಕರು ಕೊಡುವ ಗಮನ ಕಡಿಮೆ. ಗೋಲಿಯ ಅಳತೆ ಬಾಯಿಗಿಂತ ದೊಡ್ಡದು. ಸೀಸೆ ಒಡೆಯದೆ ಅದು ಹೊರಬಾರದು, ಬೇರೆಯದು ಒಳಹೋಗದು. ಹೀಗಾಗಿ ಇಡಿಯಾಗಿ ಉಳಿದ ಸೀಸೆಯೊಳಗಿನ ಗೋಲಿ ಸೀಸೆಯ ಜತೆಗೇ ಹುಟ್ಟಿದ್ದು, ಅದರಷ್ಟೇ ವಯಸ್ಸಿನದು. ರಬ್ಬರ್ ವಾಷರ್ ಹಾಗಲ್ಲ. ಗಟ್ಟಿಯಾಗಿ ಬಿರಿದಾಗಲೆಲ್ಲ ಅಂಗಡಿಯವರು ಅದನ್ನು ಬದಲಿಸುತ್ತಿದ್ದರು, ಅದರಿಂದ ಕಾಲನಿರ್ಣಯ ಮಾಡಬಾರದು. ಬಿಡಿಯಾಗಿ ಸಿಗುವ ಗೋಲಿಗಳ ಕಥೆ ಬೇರೆ. ಒಡೆದ ಸೀಸೆಯ ಗೋಲಿ ನೇರ ಹುಡುಗರ ಜೇಬಿಗೆ ಸೇರುತ್ತಿತ್ತು. ಜರ್ಮನಿಯ ಲೌಶಾದಲ್ಲಿ ಕೈಯಿಂದ ಮಾಡಿದ ಆಟದ ಗೋಲಿಯಲ್ಲಿ ಕತ್ತರಿಸಿದ ಗುರುತು ಉಳಿದಿರುತ್ತದೆ; ಅಮೆರಿಕದ ಮಾರ್ಟಿನ್ ಕ್ರಿಸ್ಟೆನ್ಸೆನ್ 1905ರಲ್ಲಿ ಪೇಟೆಂಟ್ ಪಡೆದ ಯಂತ್ರದ ಬಗೆಯವುಗಳಲ್ಲಿ ಅದು ಇಲ್ಲ.

ಗೋಲಿಯಲ್ಲದ ಬಿರಡೆಗಳೂ ಹಳೆಯ ಸೀಸೆಗಳಲ್ಲಿ ಕಾಣುತ್ತವೆ. ತಂತಿಯ ಕೊಂಡಿಯಿಂದ ಬಿಗಿಯುವ ಪಿಂಗಾಣಿ ಬಿರಡೆಗೆ ಅಮೆರಿಕದಲ್ಲಿ 1875ರಲ್ಲಿ, ತಂತಿಯ ಸುರುಳಿಯ ಹಚಿನ್ಸನ್ ಬಿರಡೆಗೆ 1879ರಲ್ಲಿ, ತಗಡಿನ ಕ್ರೌನ್ ಮುಚ್ಚಳಕ್ಕೆ 1892ರಲ್ಲಿ ಪೇಟೆಂಟ್ ಸಿಕ್ಕಿತು. ಕೊನೆಯದು ಬಾಲ್ಟಿಮೋರಿನ ವಿಲಿಯಂ ಪೇಂಟರನದು. ಗೋಲಿ ಸೀಸೆಯನ್ನು ಮೂಲೆಗೆ ತಳ್ಳಿದ್ದು ಅದೇ. ಗೋಲಿ ಹಾಕಿ ಬಾಯಿ ಮುಗಿಸುವ ಕೆಲಸ ಸ್ವಯಂಚಾಲಿತ ಯಂತ್ರಗಳಿಗೆ ಒಗ್ಗಲಿಲ್ಲ, ಕ್ರೌನ್ ಮುಚ್ಚಳದ ಸೀಸೆ ಒಗ್ಗಿತು.

ಇತ್ತೀಚಿನ ಕಾಲ

ಉತ್ತರ ಪ್ರದೇಶದ ಹಾಥರಸ್ ಜಿಲ್ಲೆಯ ಸಾಸನಿಯಲ್ಲಿ ಗೋಲಿ ಸೀಸೆಯ ತಯಾರಿಕೆ ಮುಂದುವರಿದಿದ್ದರಿಂದ ಭಾರತದಲ್ಲಿ ಈ ಬಗೆ ಅಳಿಯಲಿಲ್ಲ. ಹಾಗಾಗಿ ಇಂದು ಹಾಸನದಲ್ಲಿ ಸಿಗುವ, ಕೈಕೆಲಸದ ಎಲ್ಲ ಲಕ್ಷಣಗಳುಳ್ಳ ಸೀಸೆ ಸ್ವಾತಂತ್ರ್ಯಾನಂತರದ್ದೂ ಆಗಿರಬಹುದು. ಜಪಾನಿನಲ್ಲೂ ‘ರಾಮುನೆ’ ಎಂಬ ಹೆಸರಿನಲ್ಲಿ ಕಾಡ್ ಸೀಸೆ ಉಳಿದಿದೆ. ಅದರ ಬಾಯಿಯ ಭಾಗ ಈಗ ಪ್ಲಾಸ್ಟಿಕ್, ಗೋಲಿ ಹೊರತೆಗೆಯಲು ಬರುತ್ತದೆ, ಆದ್ದರಿಂದ ಮೇಲೆ ಹೇಳಿದ ಗೋಲಿಯ ಸಾಕ್ಷ್ಯ ಅದಕ್ಕೆ ಸಲ್ಲದು. 2025ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರದ ರಫ್ತು ಸಂಸ್ಥೆ ಅಪೆಡಾ ‘ಗೋಲಿ ಪಾಪ್ ಸೋಡಾ’ ಹೆಸರಿನಲ್ಲಿ ಈ ಪಾನೀಯವನ್ನು ಕೊಲ್ಲಿ ದೇಶಗಳು, ಯುರೋಪ್, ಅಮೆರಿಕಗಳಿಗೆ ಕಳುಹಿಸುವುದನ್ನು ಪ್ರಕಟಿಸಿತು. ಈ ಹೊಸ ಪೀಳಿಗೆಯ ಸೀಸೆಗಳ ಮೂಲ ಹಿಡಿಯುವುದು ಕಷ್ಟವಲ್ಲ: ಚೀಟಿಯ ಮೇಲಿನ 14 ಅಂಕಿಗಳ ಎಫ್‌.ಎಸ್‌.ಎಸ್‌.ಎ.ಐ. ಸಂಖ್ಯೆಯಲ್ಲಿ ರಾಜ್ಯದ ಸಂಕೇತವೂ ಪರವಾನಗಿಯ ವರ್ಷವೂ ಇರುತ್ತವೆ. ಚೀಟಿ ಕಿತ್ತುಹೋದರೆ ಮಾತ್ರ ಅವೂ ಹಳೆಯವುಗಳೊಡನೆ ಬೆರೆತುಹೋಗುತ್ತವೆ. ಸಂಗ್ರಹಕ್ಕೆ ಸೇರಿಸುವವರು ಚೀಟಿಯನ್ನು ನೀರಲ್ಲಿ ನೆನೆಸಿ ತೆಗೆಯದೆ ಸೀಸೆಯ ಮೇಲೇ ಉಳಿಸಿಕೊಳ್ಳಬೇಕು.