ದಫ್ತರ ತುಂಬಿದಾಗ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ. ವಿಜಯಪುರ ಜಿಲ್ಲೆಯ ಈ ನಾಲ್ಕು ಹಳೆಯ ತಾಲ್ಲೂಕುಗಳಲ್ಲಿ ಹೊಲವಿರುವ ಯಾವ ಮನೆಯಲ್ಲಿ ಕೇಳಿದರೂ 'ಉತಾರ' ಎಂದರೇನೆಂದು ಸಣ್ಣ ಹುಡುಗನೂ ಹೇಳುತ್ತಾನೆ. ಬ್ಯಾಂಕಿನ ಸಾಲಕ್ಕೆ ಉತಾರ, ಬೆಳೆ ವಿಮೆಗೆ ಉತಾರ, ಅಣ್ಣತಮ್ಮಂದಿರ ವಾಟಣಿಗೆ ಉತಾರ. ದಕ್ಷಿಣದವರು ಪಹಣಿ ಎನ್ನುವ ಈ ಹಾಳೆಯನ್ನೂ ಅದರ ಬೆನ್ನಿಗಿರುವ ಕಾಗದಗಳನ್ನೂ ಕಾಯ್ದಿಡಲು ಸರಕಾರಕ್ಕೆ ಎಷ್ಟು ಜಾಗ ಬೇಕು? ಕಂದಾಯ ಕಚೇರಿಗಳು ನೂರು ವರ್ಷಕ್ಕೂ ಮೀರಿ ಈ ಪ್ರಶ್ನೆಯೊಂದಿಗೆ ಗುದ್ದಾಡುತ್ತ ಬಂದಿವೆ. ಅಂದು ಕಪಾಟು ತುಂಬಿ ಗುಮಾಸ್ತ ತಲೆಯ ಮೇಲೆ ಕೈಹೊತ್ತು ಕೂತರೆ, ಇಂದು ಸರ್ವರಿನ ಪರದೆಯ ಮೇಲೆ 'ಡಿಸ್ಕಿನಲ್ಲಿ ಜಾಗ ಕಡಿಮೆ' ಎಂಬ ಎಚ್ಚರಿಕೆ ಮೂಡುತ್ತದೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಸೀಮೆ ಮುಂಬೈ ಪ್ರಾಂತಕ್ಕೆ ಸೇರಿತ್ತು. 1885ರಲ್ಲಿ ವಿಜಾಪುರಕ್ಕೆ ಬರುವ ಮೊದಲು ಜಿಲ್ಲಾ ಕೇಂದ್ರ ಕಲಾದಗಿಯಲ್ಲಿತ್ತು. ಊರಿನ ಲೆಕ್ಕವೆಲ್ಲ ಕುಲಕರ್ಣಿಯ ಕೈಯಲ್ಲಿ. ಬಟ್ಟೆಯಲ್ಲಿ ಗಂಟು ಕಟ್ಟಿದ ದಫ್ತರವೇ ಊರಿನ ನೆನಪು. ಕಾಗದ ಇಲ್ಲದವನ ಗತಿ ಏನಾಗುತ್ತದೆಂಬುದನ್ನು ಇನಾಮ್ ಆಯೋಗ ದಕ್ಷಿಣ ಮರಾಠಾ ಸೀಮೆಗೆ ಚೆನ್ನಾಗಿಯೇ ಕಲಿಸಿತ್ತು. 1852ರ ಕಾಯ್ದೆಯ ಬಲದಿಂದ ಅದು ಇನಾಮುದಾರರ ಸನದುಗಳನ್ನು ಕೇಳತೊಡಗಿದಾಗ, ತಲೆಮಾರುಗಳಿಂದ ಅನುಭವಿಸಿದ ಭೂಮಿಯಾದರೂ ಪತ್ರ ತೋರಿಸಲಾಗದವರು ಇನಾಮು ಕಳೆದುಕೊಂಡರು.

1903ರಲ್ಲಿ ಮುಂಬೈ ಸರಕಾರ ಹಕ್ಕು ದಾಖಲೆಗಳ ಕಾಯ್ದೆ ತಂದಿತು. ಅಲ್ಲಿಂದ ಕಾಗದ ಬೆಳೆಯತೊಡಗಿತು. ಮಾರಾಟ, ಅಡವು, ವಾರಸಾ, ವಾಟಣಿ, ಪ್ರತಿಯೊಂದಕ್ಕೂ ಒಂದು ಹಕ್ಕು ಬದಲಾವಣೆಯ ನೋಂದು. ಹೊಲ ಹಿಸ್ಸೆಯಾದಂತೆಲ್ಲ ಹಾಳೆಯೂ ಹೆಚ್ಚಿತು. ಕುಲಕರ್ಣಿ ವತನಗಳನ್ನು 1950ರ ಕಾಯ್ದೆ ರದ್ದು ಮಾಡಿತು, ತಲಾಠಿಗಳು ಬಂದರು, ಆದರೆ ಗಂಟುಗಳು ಕಡಿಮೆಯಾಗಲಿಲ್ಲ.

ಹಳೆಯ ಕಚೇರಿಗಳು ಇದಕ್ಕೆ ಕಂಡುಕೊಂಡ ಉಪಾಯ ವರ್ಗೀಕರಣ. ಕೆಲವು ಕಾಗದ ಕಾಯಂ, ಕೆಲವು ಮೂವತ್ತು ವರ್ಷ, ಇನ್ನು ಕೆಲವು ಅದಕ್ಕಿಂತ ಕಡಿಮೆ ಅವಧಿಗೆ. ಅವಧಿ ಮುಗಿದದ್ದನ್ನು ಪಟ್ಟಿ ಮಾಡಿ, ಮೇಲಧಿಕಾರಿಯ ರುಜು ಪಡೆದು ನಾಶ ಮಾಡಬೇಕು. ಈ ವಿಂಗಡಣೆಯ ಬೇಸರದ ಕೆಲಸವನ್ನು ಯಾರೂ ಹೊಗಳುವುದಿಲ್ಲ. ಆದರೆ ಅದರ ಬೆಲೆ ತಿಳಿಯಬೇಕಾದರೆ ಕೃಷ್ಣೆಯ ದಂಡೆಗೆ ಹೋಗಬೇಕು. ಆಲಮಟ್ಟಿ ಮತ್ತು ನಾರಾಯಣಪುರ ಜಲಾಶಯಗಳ ಹಿನ್ನೀರಿನಲ್ಲಿ ಬಾಗೇವಾಡಿ, ಮುದ್ದೇಬಿಹಾಳ ತಾಲ್ಲೂಕುಗಳ ಹೊಲಗಳು ಮುಳುಗಿದವು. ಬದು ನೀರಿನಡಿ, ಗಡಿಕಲ್ಲು ನೀರಿನಡಿ. ಆ ಹೊಲ ಯಾರದಿತ್ತು ಎಂದು ಹೇಳಲು ಉಳಿದದ್ದು ಕಾಗದ ಮಾತ್ರ. ಅಂಥ ಕಡೆ ಒಂದು ಗಂಟು ತಪ್ಪಾಗಿ ರದ್ದಿಗೆ ಹೋದರೆ ಒಂದು ಮನೆತನದ ಪರಿಹಾರವೇ ಹೋದಂತೆ.

ಕಂಪ್ಯೂಟರ್ ಬಂದಾಗ ಇನ್ನು ಜಾಗದ ಚಿಂತೆ ತೀರಿತೆಂದು ಅನೇಕರು ಭಾವಿಸಿದರು. 2000ದ ಸುಮಾರಿಗೆ ವೇಗ ಪಡೆದ 'ಭೂಮಿ' ಯೋಜನೆಯಲ್ಲಿ ರಾಜ್ಯದ 177 ತಾಲ್ಲೂಕುಗಳ ಸುಮಾರು 2 ಕೋಟಿ ಪಹಣಿಗಳು ಗಣಕಕ್ಕೆ ಏರಿದವು. 15 ರೂಪಾಯಿ ಕೊಟ್ಟರೆ ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಅಚ್ಚಾದ ಉತಾರ ಸಿಗತೊಡಗಿತು. ಕೈಬರಹದ ಉತಾರಕ್ಕೆ ಮಾನ್ಯತೆ ತಪ್ಪಿತು.

ಇಲ್ಲಿ ಸ್ವಲ್ಪ ಲೆಕ್ಕ ಹಾಕಬೇಕು. 2 ಕೋಟಿಯನ್ನು 177ರಿಂದ ಭಾಗಿಸಿದರೆ ತಾಲ್ಲೂಕಿಗೆ ಸರಾಸರಿ 1 ಲಕ್ಷ 13 ಸಾವಿರ ಪಹಣಿ. ಒಂದರ ಅಕ್ಷರಗಳಿಗೆ 4 ಕೆ.ಬಿ. ಹಿಡಿದರೂ ಒಟ್ಟು 450 ಎಂ.ಬಿ. ಚಿಲ್ಲರೆ. ಒಂದು ತಾಲ್ಲೂಕಿನ ಹೊಲಗಳೆಲ್ಲ ಒಂದೇ ಸಿ.ಡಿ.ಯಲ್ಲಿ ಹಿಡಿಸುತ್ತವೆ! ಹಾಗಾದರೆ ಡಿಸ್ಕು ತುಂಬುವುದು ಹೇಗೆ? ಚಿತ್ರಗಳಿಂದ. ಕಂದಾಯ ನಿರೀಕ್ಷಕರ ಮೂಲ ಆದೇಶ, ಜನರಿಗೆ ಜಾರಿಯಾದ ನೋಟಿಸು ಇವನ್ನು ಸ್ಕ್ಯಾನ್ ಮಾಡಿ ಇಡುವ ಪದ್ಧತಿಯೂ ಭೂಮಿಯಲ್ಲಿತ್ತು. ಒಂದು ಎ-4 ಹಾಳೆಯನ್ನು ಅಂಗುಲಕ್ಕೆ 300 ಚುಕ್ಕೆಯಂತೆ ಬಣ್ಣದಲ್ಲಿ, ಕುಗ್ಗಿಸದೆ ಉಳಿಸಿದರೆ 26 ಎಂ.ಬಿ. ಬೇಕು. ಅದನ್ನೇ 200 ಚುಕ್ಕೆಯಲ್ಲಿ, ಕಪ್ಪುಬಿಳುಪಿನಲ್ಲಿ, ಕುಗ್ಗಿಸಿ ಇಟ್ಟರೆ 50 ಕೆ.ಬಿ. ಆಸುಪಾಸು. ಸ್ಕ್ಯಾನರಿನ ಮುಂದೆ ಕುಳಿತವರು ಒತ್ತುವ ಒಂದು ಗುಂಡಿಯಲ್ಲಿ ಐನೂರು ಪಟ್ಟು ವ್ಯತ್ಯಾಸ ಅಡಗಿದೆ.

ಚಿತ್ರಗಳಲ್ಲದೆ ಇನ್ನೆರಡು ಕಳ್ಳರಿದ್ದಾರೆ. ಒಂದು, ಸರ್ವರು ತಾನು ಮಾಡಿದ ಪ್ರತಿ ಬದಲಾವಣೆಯನ್ನು ಬರೆದುಕೊಳ್ಳುವ ದಿನಚರಿ, ಅಂದರೆ ಲಾಗ್. ಇನ್ನೊಂದು, ರಾತ್ರಿಯ ಬ್ಯಾಕಪ್ಪನ್ನು ಅದೇ ಡಿಸ್ಕಿನಲ್ಲಿ ರಾಶಿ ಹಾಕುವ ರೂಢಿ. ಕಣಜದ ಕಾಳನ್ನು ಅದೇ ಕಣಜದಲ್ಲಿ ಇನ್ನೊಂದು ಚೀಲಕ್ಕೆ ತುಂಬಿ ಭದ್ರವಾಯಿತೆಂದ ಹಾಗೆ ಇದು. ಜಾಗವೂ ಹೋಯಿತು, ಡಿಸ್ಕು ಕೆಟ್ಟರೆ ಎರಡೂ ಹೋದವು.

ವಿಂಡೋಸ್ ಎನ್.ಟಿ. ಕಾಲದ ಫೈಲ್ ಸರ್ವರುಗಳು ಖಾಲಿ ಜಾಗ ಶೇ. 10ಕ್ಕಿಂತ ಇಳಿದಾಗ 2013 ಎಂಬ ಸಂಖ್ಯೆಯ ಎಚ್ಚರಿಕೆಯನ್ನು ಬರೆಯುತ್ತಿದ್ದವು. ಅದನ್ನು ಓದುವವರು ಬೇಕಷ್ಟೆ. ಓದದೆ ಬಿಟ್ಟರೆ ಒಂದು ಬೆಳಿಗ್ಗೆ ಸರ್ವರು ಹೊಸದೇನನ್ನೂ ಬರೆದುಕೊಳ್ಳುವುದಿಲ್ಲ. ವಾರಸಾ ನೋಂದಿಗೆ ಊರಿನಿಂದ ಬಸ್ಸು ಹಿಡಿದು ಬಂದವರು 'ಸಿಸ್ಟಮ್ ಡೌನ್ ಆಗೈತ್ರಿ' ಎಂಬ ಮಾತು ಕೇಳಿ ಮರಳುತ್ತಾರೆ. ಗಾಬರಿಯಲ್ಲಿ ಎಲ್ಲಕ್ಕಿಂತ ದೊಡ್ಡ ಕಡತವನ್ನು ಅಳಿಸಿಬಿಡುವವರೂ ಉಂಟು. ಅದು ದತ್ತಾಂಶದ ಲಾಗ್ ಆಗಿದ್ದರೆ ದಾಖಲೆಗಳ ಭಂಡಾರವೇ ತೆರೆಯದಂತಾಗಬಹುದು. ಎಸ್‌ಕ್ಯೂಎಲ್ ಸರ್ವರಿನಲ್ಲಿ ಪೂರ್ಣ ದಾಖಲಾತಿಯ ಕ್ರಮ ಆರಿಸಿದ್ದರೆ ಲಾಗಿನದೇ ಪ್ರತ್ಯೇಕ ಬ್ಯಾಕಪ್ ತೆಗೆಯಬೇಕು, ಆಗಲೇ ಅದರೊಳಗಿನ ಜಾಗ ಮರುಬಳಕೆಗೆ ಸಿಗುತ್ತದೆ. ಇಡೀ ಭಂಡಾರದ ಬ್ಯಾಕಪ್ ದಿನವೂ ತೆಗೆದರೂ ಲಾಗ್ ಬೆಳೆಯುತ್ತಲೇ ಇರುತ್ತದೆ.

ಅನುಭವಿಗಳು ಮೊದಲು ಅಳೆಯುತ್ತಾರೆ: ಯಾವ ಫೋಲ್ಡರ್ ಎಷ್ಟು, ಯಾವುದು ಈ ತಿಂಗಳು ಬೆಳೆದದ್ದು, ಯಾವುದು ಒಂದೇ ಕಡತದ ಐದನೆಯ ಪ್ರತಿ. ಆಮೇಲೆ ತಾತ್ಕಾಲಿಕ ಕಡತಗಳಿಗೆ ಕೈ. ಹಳೆಯ ಬ್ಯಾಕಪ್ಪುಗಳನ್ನು ಬೇರೆಡೆ ಸಾಗಿಸಿ, ತೆರೆದು ನೋಡಿದ ಮೇಲೆಯೇ ಇಲ್ಲಿಂದ ತೆಗೆಯುತ್ತಾರೆ. ಮಾಮಲೇದಾರ ಕಚೇರಿಯ ದಫ್ತರದಾರ ಈ ಕ್ರಮವನ್ನು ನೋಡಿದ್ದರೆ ಗುರುತು ಹಿಡಿಯುತ್ತಿದ್ದನು. ಅವನಿಗಿದ್ದ ಒಂದು ಅನುಕೂಲ ಇವರಿಗಿಲ್ಲ: ಗಂಟಿನ ಮೇಲೆ ನಾಶದ ವರ್ಷ ಬರೆದಿರುತ್ತಿತ್ತು. ಸರ್ವರಿನ ಕಡತಕ್ಕೆ ಹುಟ್ಟಿದ ದಿನ ಗೊತ್ತು, ಆಯುಷ್ಯ ಗೊತ್ತಿಲ್ಲ.

ನಂತರದ ವರ್ಷಗಳಲ್ಲಿ ತಾಲ್ಲೂಕುಗಳ ಭೂಮಿ ದತ್ತಾಂಶ ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರ ಸೇರಿತು. ಈ ನಾಲ್ಕು ತಾಲ್ಲೂಕುಗಳೂ ಒಡೆದವು. ಇಂಡಿಯಿಂದ ಚಡಚಣ, ಸಿಂದಗಿಯಿಂದ ದೇವರ ಹಿಪ್ಪರಗಿ ಮತ್ತು ಆಲಮೇಲ, ಮುದ್ದೇಬಿಹಾಳದಿಂದ ತಾಳಿಕೋಟೆ, ಬಸವನ ಬಾಗೇವಾಡಿಯಿಂದ ನಿಡಗುಂದಿ ಮತ್ತು ಕೋಲ್ಹಾರ. ಗಣಕದಲ್ಲಿ ಹಳ್ಳಿಗಳನ್ನು ಬೇರೆ ತಾಲ್ಲೂಕಿಗೆ ಹಚ್ಚುವುದು ಸುಲಭ, ಬಟ್ಟೆಯ ಗಂಟುಗಳ ಕಥೆ ಹಾಗಲ್ಲ. 2024ರಲ್ಲಿ 'ಭೂ ಸುರಕ್ಷಾ' ಹೆಸರಿನಲ್ಲಿ ತಾಲ್ಲೂಕು ಕಚೇರಿಗಳ ದಾಖಲೆ ಕೋಣೆಗಳನ್ನೇ ಸ್ಕ್ಯಾನ್ ಮಾಡಿಸುವ ಕೆಲಸ ರಾಜ್ಯದಲ್ಲಿ ಶುರುವಾಯಿತು. 1 ಕೋಟಿ ಪುಟಗಳನ್ನು 50 ಕೆ.ಬಿ.ಯಂತೆ ಇಟ್ಟರೆ ಅಂಗೈಯಗಲದ ಅರ್ಧ ಟೆರಾಬೈಟ್ ಡಿಸ್ಕು ಸಾಕು, 26 ಎಂ.ಬಿ.ಯಂತೆ ಇಟ್ಟರೆ 260 ಟೆರಾಬೈಟ್. ಬೇರೆ ಊರಿನಲ್ಲಿ ಇಡಬೇಕಾದ ಎರಡನೆಯ ಪ್ರತಿ ಈ ಲೆಕ್ಕಕ್ಕೆ ಸೇರಿಲ್ಲ.